ಹತ್ತನೇ ಬೋಲ್ಟಿನ ಸುಣ್ಣ

ಎಲೆಗೆ ಹಚ್ಚೋ ಸುಣ್ಣವನ್ನ ಎಂಜಿನ್ ಬೋಲ್ಟಿಗೆ ಹಚ್ಚೋ ಮೆಕ್ಯಾನಿಕ್ಕನ್ನ ನಾನು ನೋಡಿದ್ದು ಒಬ್ಬರನ್ನೇ. ಅವರು ನನ್ನ ತಾಯಿಯ ತಮ್ಮ. ಅವರ ಮಗಳನ್ನೇ ನಾನು ಮದುವೆಯಾದ್ದರಿಂದ ಸೋದರಮಾವನೂ ಅವರೇ, ಹೆಣ್ಣು ಕೊಟ್ಟ ಮಾವನೂ ಅವರೇ, ಕೈ ಹಿಡಿದು ಕೆಲಸ ಕಲಿಸಿದವರೂ ಅವರೇ. ಹೊಸ ಗಿರಾಕಿ ಯಾರಾದರೂ “ಇವರು ನಿಮ್ಮ ಅಳಿಯನಾ?” ಅಂತ ಕೇಳಿದರೆ, “ಅಳಿಯ ಅಲ್ಲ ಸಾ, ಮಗಳ ಗಂಡ” ಅಂದು, ಬಾಯಿ ತುಂಬ ಇರೋ ಎಲೆಯಡಿಕೆ ಚೆಲ್ಲದ ಹಾಗೆ ಗದ್ದ ಮೇಲೆತ್ತಿಕೊಂಡು ನಗೋರು.

ನಮ್ಮ ಗ್ಯಾರೇಜು ನಂಜನಗೂಡಿನಲ್ಲಿ, ನರಸೀಪುರದ ರಸ್ತೆ ಊರು ಬಿಡೋ ಕಡೆ ಇದೆ. ತಗಡಿನ ಮಾಡು, ಗಾಡಿ ಕೆಳಗೆ ಇಳಿದು ಕೆಲಸ ಮಾಡೋಕೆ ಎರಡು ಗುಂಡಿ, ಗೋಡೆ ಮೇಲೆ ನಂಜುಂಡಪ್ಪನ ಫೋಟೋ, ಅದರ ಪಕ್ಕ ಬುದ್ಧನ ಫೋಟೋ, ಎರಡಕ್ಕೂ ಸೇರಿ ಒಂದೇ ಊದುಬತ್ತಿ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಮನೆಯಲ್ಲೇ ಇದ್ದರು. ಮನೆಯಿಂದ ಗ್ಯಾರೇಜಿಗೆ ಹತ್ತು ನಿಮಿಷದ ದಾರಿ. ಬೆಳಗ್ಗೆ ಒಟ್ಟಿಗೆ ಬರುತ್ತಿದ್ದೆವು, ದಾರಿಯುದ್ದಕ್ಕೂ ಜಗಳ ಆಡುತ್ತಿದ್ದೆವು. ನನ್ನ ಹೆಂಡತಿಗೆ ಅದೊಂದು ತಮಾಷೆ.

ಸುಣ್ಣದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆಯೆಲ್ಲ ಇರೋದು ಅದರಲ್ಲೇ. ಎಂಜಿನ್ನಿಗೆ ಕೆಳಗೊಂದು ಮೈ, ಮೇಲೊಂದು ತಲೆ. ಎರಡರ ನಡುವೆ ಒಂದು ತೆಳು ಹಾಳೆ, ಅದೇ ಗ್ಯಾಸ್ಕೆಟ್ಟು. ನೀರು, ಎಣ್ಣೆ, ಬೆಂಕಿ ಮೂರೂ ಒಂದರ ಮನೆಗೆ ಇನ್ನೊಂದು ನುಗ್ಗದ ಹಾಗೆ ತಡೆಯೋದು ಅದು. “ನನ್ ಮಗಳಿದ್ದಂಗೆ ಕಣ್ಲಾ ಅದು. ನಿನ್ಗೂ ನನ್ಗೂ ಮದ್ಯ ಅವ್ಳಿಲ್ದಿದ್ರೆ ಯಾವತ್ತೋ ಹೊಗೆ ಬರೋದು” ಅನ್ನೋರು ಮಾವ. ಆ ತಲೆಯನ್ನ ಬೋಲ್ಟುಗಳು ಹಿಡಿದಿರುತ್ತವೆ. ನಡುವಿಂದ ಶುರುಮಾಡಿ ಹೊರಗಿನ ಮೂಲೆಗಳ ಕಡೆಗೆ, ಅಡ್ಡಡ್ಡ, ಮೂರು ಸುತ್ತು ಬಿಗಿಯಬೇಕು. ಮೂರನೇ ಸುತ್ತಿನಲ್ಲಿ ಒಂದು ಬೋಲ್ಟು ಸರಿಯಾಗಿ ಕೂತಿತು ಅಂತ ಕೈಗೆ ತಿಳಿದ ತಕ್ಷಣ ಮಾವ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು, ಕಿರುಬೆರಳಿನ ಉಗುರಲ್ಲಿ ಒಂಚೂರು ತೆಗೆದು, ಬೋಲ್ಟಿನ ನೆತ್ತಿ ಮೇಲೆ ಒಂದು ಗೀಟು ಎಳೆಯೋರು. ಭತ್ತದ ಕಾಳಿನಷ್ಟು ಉದ್ದ, ಅಷ್ಟೇ. ಎಂಜಿನ್ ಒಳಗೆ ಸುಣ್ಣನಾ ಅಂತ ಓದಿದವರು ಮೂಗು ಮುರಿಯಬಹುದು. ಮುರಿದುಕೊಳ್ಳಲಿ. ಮೂವತ್ತು ವರ್ಷದಲ್ಲಿ ಅದರಿಂದ ಒಂದು ಎಂಜಿನ್ನೂ ಕೆಟ್ಟಿಲ್ಲ.

ಅದಕ್ಕೊಂದು ಕಟ್ಟಳೆ ಇತ್ತು. ಸುಣ್ಣ ಇರೋ ಬೋಲ್ಟನ್ನ ಇನ್ನೊಬ್ಬ ಮುಟ್ಟಬಾರದು. ಸುಣ್ಣ ಇಲ್ಲದ ಬೋಲ್ಟು ಬಾಕಿ ಕೆಲಸ, ಮುಂದೆ ಬಂದವನು ಅದನ್ನ ಬಿಗಿದು ತಾನು ಸುಣ್ಣ ಇಡಬೇಕು. ಯಾಕೆ ಬಿಟ್ಟೆ, ಏನಾಯ್ತು ಅಂತ ಕೇಳೋ ಹಾಗಿಲ್ಲ. ಒಂದು ಸಲ ನನ್ನ ಮಗಳಿಗೆ ಜ್ವರ ಅಂತ ಫೋನ್ ಬಂದು, ನಾಲ್ಕು ಬೋಲ್ಟಿಗೆ ಬಿಟ್ಟು ಓಡಿದ್ದೆ. ಸಾಯಂಕಾಲ ಬಂದು ನೋಡಿದರೆ ಉಳಿದ ಆರಕ್ಕೂ ಮಾವನ ಗೀಟು. ಜ್ವರ ಎಷ್ಟಿದೆ ಅಂತ ಕೇಳಿದರೇ ಹೊರತು ಬೋಲ್ಟಿನ ಮಾತೇ ಬರಲಿಲ್ಲ. ನಾನಿಟ್ಟ ನಾಲ್ಕು ಚುಕ್ಕೆ ಇಟ್ಟ ಹಾಗೇ ಇದ್ದವು. ನಂದು ಗುಂಡಗೆ ಬರೋದು, ಉಗುರಲ್ಲಿ ಎಳೆಯೋದು ನನಗೆ ಬರ್ತಿರಲಿಲ್ಲ.

ಬಿಗಿಯೋಕೆ ಮಾವನ ಹತ್ತಿರ ಇದ್ದದ್ದು ಉದ್ದ ಹಿಡಿಯ ಹಳೇ ಪಾನಾ, ಬಿಗಿ ಎಷ್ಟು ಅಂತ ಅವರಿಗೆ ಹೇಳುತ್ತಿದ್ದದ್ದು ಮಣಿಕಟ್ಟು. ನಾನು ಕಾಲ ಬದಲಾಯಿತು ಅಂತ ಅಳತೆಯ ಸ್ಪ್ಯಾನರ್ ತಂದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದರ ಹಿಡಿ ತಿರುಗಿಸಿ ಇಟ್ಟರೆ, ಅಷ್ಟು ಬಿಗಿ ಬಂದಾಗ ‘ಟಕ್’ ಅನ್ನುತ್ತೆ. ಮಾವ ಅದನ್ನ ಕಂಡು ನಕ್ಕಿದ್ದೇ ನಕ್ಕಿದ್ದು. “ಅದು ಟಕ್ ಅನ್ನೋಗಂಟ ನಿಂಗೊತ್ತಾಗಲ್ವೇನ್ಲಾ? ನನ್ ಮಗ್ಳು ಸಾರಿಗೆ ಉಪ್ಪಾಕೋವಾಗ ತಕ್ಕಡಿ ಇಟ್ಕಂಡವ್ಳಾ?” ಅಂದರು. ನನಗೆ ಸಿಟ್ಟು ಬಂತು. ನಾನು ಸ್ವಲ್ಪ ಮುಂಗೋಪಿ. ಸ್ವಲ್ಪ ಅಲ್ಲ, ಚೆನ್ನಾಗೇ ಮುಂಗೋಪಿ. ಆ ಸಲ ಅವರು ಬಿಗಿದ ಬೋಲ್ಟಿನ ಮೇಲೆ ಅವರೆದುರೇ ನನ್ನ ಸ್ಪ್ಯಾನರ್ ಇಟ್ಟು ಒತ್ತಿದೆ. ಟಕ್ ಅಂತು, ಬೋಲ್ಟು ಕದಲಲಿಲ್ಲ. ಇನ್ನೊಂದು, ಅದೂ ಹಾಗೇ. ಮಾವ ಎದ್ದು ಹೋಗಿ ಟೀ ಹೇಳಿ ಬಂದರು. ಆಮೇಲೆ ನಾನೂ ಆ ಕೆಲಸ ಮಾಡಲಿಲ್ಲ.

ಅಂಥ ಕೈ ಅದುರೋಕೆ ಶುರುವಾಯಿತು. ಮೊದಲು ಬಲಗೈ ಹೆಬ್ಬೆರಳು, ಬೀಡಿ ಹೊಸೆಯೋರ ಥರ, ಸುಮ್ಮನೆ ಕೂತಾಗ ಮಾತ್ರ. ಆಮೇಲೆ ಇಡೀ ಕೈ. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ನರದ ತೊಂದರೆ, ವಾಸಿಯಾಗೋದಲ್ಲ, ಮಾತ್ರೆ ನುಂಗಿಕೊಂಡು ಇರಬೇಕು ಅಂದರು. ಮಾವ ದಾರಿಯುದ್ದಕ್ಕೂ ಕೈಯನ್ನ ತೊಡೆ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಒಂದು ವಿಚಿತ್ರ ಏನೆಂದರೆ ಕೈಗೆ ಸ್ಪ್ಯಾನರ್ ಬಂದರೆ ಅದುರು ನಿಂತುಬಿಡುತ್ತಿತ್ತು. ಕೆಲಸ ಬಿಟ್ಟರೆ ಮತ್ತೆ ಶುರು. “ನೋಡ್ಲಾ, ಕೆಲ್ಸ ಬಿಟ್ರೆ ಸಾಯ್ತೀನಿ ಅಂತ ಕೈಯೇ ಏಳ್ತಾ ಐತೆ” ಅನ್ನೋರು. ನಗು ನಗುತ್ತಲೇ ಅನ್ನೋರು, ಆದರೆ ಕಣ್ಣು ನನ್ನ ಮುಖದ ಮೇಲೇ ಇರೋದು.

ಅದರ ಮಧ್ಯೆ ಒಂದು ಟೆಂಪೋ ವಾಪಸ್ ಬಂತು. ಮಾವ ಕಟ್ಟಿದ್ದ ಎಂಜಿನ್ನು, ವಾರ ಕಳೆಯೋದರೊಳಗೆ ಕೆಳಗಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಟೆಂಪೋದವನು ರಸ್ತೆ ಮಧ್ಯೆ ನಿಂತು ಕೂಗಾಡಿದ. ನಾನು ಅವನ ಮೇಲೆ ತಿರುಗಿ ಬೀಳೋದು ಬಿಟ್ಟು ಮಾವನ ಮೇಲೆ ಬಿದ್ದೆ. “ಕೈಲಾಗದಿದ್ರೆ ಮನೇಲಿ ಕೂತ್ಕೊಳಿ, ನನ್ ಹೆಸರು ಯಾಕೆ ಕೆಡಿಸ್ತೀರಿ” ಅಂದುಬಿಟ್ಟೆ, ಗಿರಾಕಿ ಎದುರಿಗೆ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರೋದಿಲ್ಲ ಅಂತಾರೆ. ಮಾವ ಹೋಗಿ ಟೆಂಪೋ ಕೆಳಗೆ ಮಲಗಿ ಸರಿಮಾಡಿದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ನನ್ನ ತಟ್ಟೆಗೆ ಮುದ್ದೆ ಹಾಕಿದ್ದು ಸದ್ದಾಗುವ ಹಾಗೆ. ಅವಳಿಗೆ ಯಾರು ಹೇಳಿದರೋ, ಮಾವನಂತೂ ಹೇಳಿರಲಿಕ್ಕಿಲ್ಲ.

ಇದಾಗಿ ಒಂದು ತಿಂಗಳಿಗೆ ಆ ಕಾರು ಬಂತು. ನರಸೀಪುರದಲ್ಲಿ ಮಕ್ಕಳ ಡಾಕ್ಟರೊಬ್ಬರಿದ್ದಾರೆ, ನಾವು ಡಾಕ್ಟರಮ್ಮ ಅಂತಲೇ ಕರೆಯೋದು. ಅವರ ತಂದೆ ಇಟ್ಟುಕೊಂಡಿದ್ದ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂತಿ, ಕಳಿತ ಹುಣಸೆಹಣ್ಣಿನ ಬಣ್ಣ. ಹೊರದೇಶದ್ದು, ಮೂವತ್ತು ವರ್ಷಕ್ಕೂ ಮೇಲ್ಪಟ್ಟದ್ದು. ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತ ಹಾಗೆ. ಆ ತಂದೆಯ ಕಾಲದಿಂದಲೂ ಅದನ್ನ ನೋಡಿಕೊಳ್ಳುತ್ತಿದ್ದವರು ಮಾವನೇ. ತಂದೆ ಹೋದ ಮೇಲೆ ಡಾಕ್ಟರಮ್ಮ ಭಾನುವಾರ ಭಾನುವಾರ ಅದನ್ನ ತೆಗೆದು ತಲಕಾಡಿನ ತನಕ ಹೋಗಿ ಬರುತ್ತಿದ್ದರು. ಹಾಗೆ ಹೋದಾಗ ದಾರಿಯಲ್ಲಿ ಹೆಮ್ಮಿಗೆ ಊರ ಹತ್ತಿರ ಬಿಳೀ ಹೊಗೆ ಬಂದು ನೀರು ಸೋರಿದೆ. ಟೀ ಅಂಗಡಿಯವನು ಯಾರೋ ಮನೆಯಿಂದ ಒಂದು ಹಿಡಿ ಅರಿಶಿನ ತಂದು ರೇಡಿಯೇಟರಿಗೆ ಸುರಿದು, “ಸೋರೋದು ಕಟ್ತದೆ, ಓಗಿ” ಅಂದನಂತೆ. ನಮ್ಮ ಕಡೆಯ ಮದ್ದು ಅದು, ಸಣ್ಣ ತೂತಿಗೆ ಕಟ್ಟುತ್ತೆ ಕೂಡ. ಆದರೆ ಇದು ತೂತಲ್ಲ. ಎಣ್ಣೆ ಹಾಕೋ ಮುಚ್ಚಳ ಬಿಚ್ಚಿದರೆ ಒಳಗೆ ಕಡೆದ ಮಜ್ಜಿಗೆಯಂಥ ನೊರೆ. ಅದಕ್ಕೂ ಅರಿಶಿನದ ಬಣ್ಣ. ಎಣ್ಣೆಗೆ ನೀರು ಸೇರಿತ್ತು, ತಲೆಯ ಗ್ಯಾಸ್ಕೆಟ್ಟು ಹೋಗಿತ್ತು. ಎಂಜಿನ್ನಿನ ಪಕ್ಕದಲ್ಲೂ ಎಣ್ಣೆ ಜಿನುಗಿ ಇಳಿದಿತ್ತು.

“ಮೈಸೂರಲ್ಲಿ ದೊಡ್ಡ ದೊಡ್ಡ ಗ್ಯಾರೇಜಿವೆ, ಅಲ್ಲಿಗೆ ಕೊಡಿ ಅಂತ ಎಲ್ಲರೂ ಹೇಳಿದರು. ನಾನು ಕೊಡಲ್ಲ. ನಮ್ಮಪ್ಪ ಇದನ್ನ ಇವರ ಕೈ ಬಿಟ್ಟರೆ ಇನ್ಯಾರ ಕೈಗೂ ಕೊಟ್ಟಿರಲಿಲ್ಲ. ಇವರೇ ಮಾಡಬೇಕು” ಅಂದರು ಡಾಕ್ಟರಮ್ಮ. ಹೇಳುವಾಗ ಮಾವನ ಕೈ ನೋಡಿದರು. ಡಾಕ್ಟರಲ್ಲವೇ, ಅವರಿಗೆ ಗೊತ್ತಾಗದೆ ಇರುತ್ತಾ? ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ಮಾವ ಕಾರಿನ ಮೂತಿ ಮೇಲೆ ಅಂಗೈ ಇಟ್ಟುಕೊಂಡು ನನಗೆ ಹೇಳಿದರು. “ಇದ್ನ ನಾನೇ ಮಾಡ್ತೀನಿ ಕಣ್ಲಾ. ಒಂದ್ ತೊಟ್ಟು ಸೋರಿದ್ರೆ ಅವತ್ತೇ ಪಾನಾ ಕೆಳಗಿಡ್ತೀನಿ, ನೀ ಬಾಯ್ಬುಟ್ಟು ಏಳ್ಬೇಕಾಗಿಲ್ಲ.” ಟೆಂಪೋದ ದಿನ ನಾನಂದ ಮಾತು ಅವರ ಹೊಟ್ಟೆಯಲ್ಲಿ ಕೂತಿದೆ ಅಂತ ಆಗ ತಿಳಿಯಿತು. ಆಗಲಾದರೂ ತಪ್ಪಾಯ್ತು ಮಾವ ಅನ್ನಬೇಕಿತ್ತು. ಅನ್ನಲಿಲ್ಲ. “ನೋಡೋಣ ಬುಡಿ” ಅಂದೆ.

ಗ್ಯಾಸ್ಕೆಟ್ಟನ್ನ ಫೋನಿನಲ್ಲೇ ಹುಡುಕಿ ತರಿಸಿದೆವು, ಬರೋಕೆ ಮೂರು ವಾರ ಹಿಡಿಯಿತು. ಬಂದ ದಿನ ಮಾವ ಅದನ್ನ ಪಾಕೀಟಿನಿಂದ ತೆಗೆದು ಬೆಳಕಿಗೆ ಹಿಡಿದು, ಮದುವೆ ಸೀರೆ ನೋಡೋರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟರಲ್ಲಿ ತಲೆ ಬಿಚ್ಚಿ ಇಟ್ಟಾಗಿತ್ತು. ಹಳೇ ಗ್ಯಾಸ್ಕೆಟ್ಟಿನ ಚೂರುಗಳು ಲೋಹಕ್ಕೆ ಅಂಟಿಕೊಂಡು ಕೂತಿದ್ದವು. ಅದನ್ನ ಶೇವಿಂಗ್ ಬ್ಲೇಡಲ್ಲಿ ಕೆರೆಯಬೇಕು, ಒಂದು ಗೀರು ಬೀಳಬಾರದು. ಬ್ಲೇಡು ಹಿಡಿದ ಮಾವನ ಕೈ ಗಾಳಿಯಲ್ಲಿ ಅದುರುತ್ತಾ ಬರುತ್ತಿತ್ತು. ಲೋಹ ಮುಟ್ಟಿದ ಕೂಡಲೆ ನೆಟ್ಟಗೆ ನಿಲ್ಲುತ್ತಿತ್ತು. ಎರಡು ದಿನ ಕೆರೆದರು. ನಾನು ಕಾರಿನ ಆಚೆ ಬದಿ ಬೇರೆ ಕೆಲಸ ಮಾಡೋ ಹಾಗೆ ನಟಿಸುತ್ತಾ ನೋಡುತ್ತಿದ್ದೆ. ಒಂದು ಸಲ ತಲೆ ಎತ್ತಿ, “ಕಣ್ಣಲ್ಲೇ ಬೋಲ್ಟು ಬಿಗೀತೀಯೇನ್ಲಾ ಅಲ್ನಿಂತ್ಕಂಡು? ಓಗು” ಅಂದರು.

ತಲೆ ಕೂರಿಸೋ ದಿನ ಬಂತು. ಬೆಳಗ್ಗೆ ಬರುವಾಗ ದಾರಿಯಲ್ಲಿ ಜಗಳ ಆಡಲಿಲ್ಲ. ಇಬ್ಬರೂ ಸೇರಿ ಗ್ಯಾಸ್ಕೆಟ್ಟು ಹಾಸಿ, ತಲೆ ಎತ್ತಿ ಮೇಲಿಟ್ಟೆವು. ಹತ್ತು ಬೋಲ್ಟು. ಮೊದಲ ಎರಡು ಸುತ್ತನ್ನ ಮಾವ ನಾನಿದ್ದಾಗಲೇ ಬಿಗಿದರು. ಮೂರನೇ ಸುತ್ತಿಗೆ ಮುಂಚೆ ಸೊಂಟ ನೆಟ್ಟಗೆ ಮಾಡಿ ನಿಂತು, “ನೀ ಓಗು, ಟೀ ಕುಡ್ಕಂಡು ಬಾ” ಅಂದರು. ಯಾಕೆ ಅಂತ ನನಗೆ ಅರ್ಥವಾಯಿತು. ನಾನು ನೋಡುತ್ತಾ ನಿಂತರೆ ಅವರ ಕೈ ಅವರದಾಗಿರೋದಿಲ್ಲ. ಹೋದೆ. ಟೀ ಕುಡಿದು, ರಸ್ತೆ ಬದಿ ಕಬ್ಬಿನ ಟ್ರ್ಯಾಕ್ಟರುಗಳನ್ನ ನೋಡುತ್ತಾ ಅರ್ಧ ಗಂಟೆ ಕಳೆದೆ.

ವಾಪಸ್ ಬರುವಾಗ ಮಾವ ಗ್ಯಾರೇಜಿನ ಬಾಗಿಲಲ್ಲಿ ಎದುರಾದರು. ಬೆವರಿ ನೀರಾಗಿದ್ದರು. “ಬಿಗ್ದಿವ್ನಿ. ಅಲ್ ನೋಡ್ಕೊ. ಊಟ ಮಾಡ್ಕಂಡು ಬತ್ತೀನಿ” ಅಂದು, ನನ್ನ ಮುಖ ನೋಡದೆ ಮನೆ ಕಡೆ ನಡೆದರು. ಬಲಗೈಯನ್ನ ಎಡಗೈಯಲ್ಲಿ ಹಿಡಿದುಕೊಂಡಿದ್ದರು.

ನಾನು ಕಾರಿನ ಹತ್ತಿರ ಹೋದೆ. ಸುಣ್ಣದ ಗೀಟುಗಳು ಕಂಡವು. ಬಾನೆಟ್ಟಿನ ಪಕ್ಕ, ಮಡ್‌ಗಾರ್ಡಿನ ಮೇಲೆ, ಅವರ ಸುಣ್ಣದ ಡಬ್ಬಿ ಇತ್ತು. ಆ ಹಿತ್ತಾಳೆ ಡಬ್ಬಿ ಅವರ ಸೊಂಟ ಬಿಟ್ಟು ಇನ್ನೆಲ್ಲೂ ಇದ್ದದ್ದನ್ನ ನಾನು ನೋಡಿರಲಿಲ್ಲ. ಅಯ್ಯೋ, ಡಬ್ಬಿ ಕೂಡ ಮರೆತು ಹೋಗಿದ್ದಾರಲ್ಲ, ಬುದ್ಧಿಯೂ ಮಂಕಾಗ್ತಾ ಇದೆಯೇನೋ ಅಂದುಕೊಂಡೆ.

ಆಮೇಲೆ ಮಾಡಿದ್ದನ್ನ ಹೇಗೆ ಹೇಳಲಿ. ಸುಳ್ಳು ಯಾಕೆ, ಒಂದು ಕಡೆ ನನ್ನ ಗ್ಯಾರೇಜಿನ ಹೆಸರು ಹೋಗುತ್ತೆ ಅನ್ನೋ ಭಯ ಇತ್ತು. ಇನ್ನೊಂದು ಕಡೆ, ಇದು ಸೋರಿದರೆ ಮಾವ ಪಾನಾ ಕೆಳಗಿಡುತ್ತಾರೆ, ಇಟ್ಟರೆ ಅವರು ಉಳಿಯಲ್ಲ ಅನ್ನೋ ಭಯ. ಯಾವುದು ಹೆಚ್ಚಿತ್ತು ಅಂತ ಈಗಲೂ ಗೊತ್ತಿಲ್ಲ. ಅಳತೆಯ ಸ್ಪ್ಯಾನರ್ ತೆಗೆದುಕೊಂಡು ನಡುವಿನ ಬೋಲ್ಟಿನ ಮೇಲೆ ಇಟ್ಟೆ. ಮಾವನ ಸುಣ್ಣ ಇರೋ ಬೋಲ್ಟು. ಒತ್ತಿದೆ. ಟಕ್ ಅಂತು, ಕೂದಲೆಳೆ ಕದಲಲಿಲ್ಲ. ಎರಡನೇದು, ಟಕ್. ಮೂರು, ನಾಲ್ಕು, ಐದು, ಎಲ್ಲವೂ ಹಾಗೇ. ಅದುರೋ ಕೈಯಲ್ಲಿ, ಅಳತೆ ಇಲ್ಲದೆ, ಬರೀ ಮಣಿಕಟ್ಟಿನ ಲೆಕ್ಕದಲ್ಲಿ ಒಂಬತ್ತು ಬೋಲ್ಟುಗಳನ್ನ ಆ ಮನುಷ್ಯ ಗೆರೆ ಎಳೆದ ಹಾಗೆ ಬಿಗಿದಿದ್ದರು.

ಹತ್ತನೇದು ಹಿಂದಿನ ಮೂಲೆಯಲ್ಲಿ, ಡ್ರೈವರ್ ಎದುರಿನ ಗಾಜಿನ ಕೆಳಗೆ, ಮೈಯೆಲ್ಲ ಬಗ್ಗಿಸಿ ಕೈ ಚಾಚಬೇಕಾದ ಜಾಗ. ಅದರ ಮೇಲೆ ಸುಣ್ಣ ಇರಲಿಲ್ಲ. ಸ್ಪ್ಯಾನರ್ ಇಟ್ಟೆ, ಸಾಕಷ್ಟು ತಿರುಗಿತು, ಆಮೇಲೆ ಟಕ್ ಅಂತು. ನೋಡು, ಇದೊಂದನ್ನ ಮರೆತೇಬಿಟ್ಟಿದ್ದಾರೆ, ನಾನು ನೋಡಿದ್ದು ಒಳ್ಳೇದಾಯ್ತು ಅಂದುಕೊಂಡೆ.

ಆಗ ಕಣ್ಣಿಗೆ ಬಿತ್ತು. ನನ್ನ ಸ್ಪ್ಯಾನರಿನ ಬಾಯಿ ತಿಕ್ಕಿ ಮಾವನ ಒಂಬತ್ತು ಗೀಟುಗಳೂ ಅಳಿಸಿ ಹೋಗಿದ್ದವು. ಬೋಲ್ಟಿನ ಮೇಲೆ ಬರೀ ಬೂದಿ ಬೂದಿ. ಮಾವ ಬಂದು ನೋಡಿದರೆ ನಾನು ಮುಟ್ಟಿದ್ದು ಗೊತ್ತಾಗಿಬಿಡುತ್ತೆ. ಬಟ್ಟೆಯಲ್ಲಿ ಹತ್ತನ್ನೂ ಒರೆಸಿದೆ. ಮಾವನ ಡಬ್ಬಿ ತೆರೆದು, ಹತ್ತಕ್ಕೂ ಹೊಸದಾಗಿ ಸುಣ್ಣ ಇಟ್ಟೆ. ಕಿರುಬೆರಳಲ್ಲಿ ಗೀಟು ಎಳೆಯೋಕೆ ನೋಡಿದೆ, ನಂದು ಗುಂಡಗೇ ಬಂತು, ಹೋಗಲಿ ಅಂತ ಬಿಟ್ಟೆ. ಪಾಪ, ಒಂದು ಮರೆತಿದ್ದು ಅವರಿಗೆ ಗೊತ್ತಾಗೋದು ಬೇಡ ಅಂದುಕೊಂಡೆ. ನಾನು ದೊಡ್ಡ ಉಪಕಾರ ಮಾಡಿದ ಹಾಗೆ ಇತ್ತು ನನಗೆ.

ಮಾವ ಬಂದರು. ಟಾರ್ಚ್ ಹಿಡಿದು ಒಳಗೆ ಬಗ್ಗಿದರು. ಮೊದಲು ಹಿಂದಿನ ಮೂಲೆ ನೋಡಿದರು. ಆಮೇಲೆ ನಡುವಿಂದ ಒಂದೊಂದೇ ನೋಡುತ್ತಾ ಹೋದರು. ತುಂಬಾ ಹೊತ್ತು ಬಗ್ಗಿಯೇ ಇದ್ದರು. ಎದ್ದು, ಡಬ್ಬಿಯನ್ನ ಪಂಚೆಯಂಚಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮುಚ್ಚು” ಅಂದರು, ಅಷ್ಟೇ. ನಾನು ಮೇಲಿನ ಮುಚ್ಚಳ ಹಾಕಿ ಬಿಗಿಯುವಾಗ ಅವರು ಆಚೆ ಹೋಗಿ ಸೀಮೆಎಣ್ಣೆ, ಸೋಪಿನ ಪುಡಿ ಹಾಕಿ ಕೈ ತೊಳೆಯುತ್ತಿದ್ದರು. ಉಗುರು ಸಂದಿಯ ಮಸಿಯನ್ನೂ ಕಡ್ಡಿಯಲ್ಲಿ ತೆಗೆದರು. ಆ ಮಸಿ ಅವರ ಉಗುರಿನಿಂದ ಹೋಗಿದ್ದನ್ನ ನಾನು ನೋಡಿದ್ದು ಅವರ ಮಗಳ ಮದುವೆ ದಿನ ಮಾತ್ರ.

ಎರಡು ದಿನ ಬಿಟ್ಟು ಕಾರು ಚಾಲೂ ಮಾಡಿದೆವು. ಒಳ್ಳೇ ಸದ್ದು, ಹೊಗೆ ಇಲ್ಲ, ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ತೊಟ್ಟಿಲ್ಲ. ನಾನು ಖುಷಿಯಲ್ಲಿ “ಗೆದ್ರಿ ಮಾವ!” ಅಂತ ಕೂಗಿದೆ. “ಊಂ” ಅಂದರು. ಡಾಕ್ಟರಮ್ಮನಿಗೆ ಒಪ್ಪಿಸೋಕೆ ಇಬ್ಬರೂ ಹೊರಟೆವು. ನಾನು ಓಡಿಸಿದೆ, ಅವರು ಪಕ್ಕದಲ್ಲಿ. ಮೊಣಕಾಲ ಮೇಲೆ ಕೈ ಅದುರುತ್ತಿತ್ತು, ತೊಡೆ ಕೆಳಗೆ ಸೇರಿಸಿಕೊಂಡರು. ಹದಿನಾರು ಅನ್ನೋ ಊರಿನ ಕಡೆಗೆ ಹೋಗೋ ಬಸ್ಸೊಂದನ್ನ ಹಿಂದೆ ಹಾಕಿದಾಗ, ಬೇರೆ ದಿನವಾಗಿದ್ದರೆ ಕಿಟಕಿಯಿಂದ ಕೈ ಬೀಸಿ ಆ ಡ್ರೈವರನ್ನ ರೇಗಿಸೋರು. ಅವತ್ತು ಗದ್ದೆ ಕಡೆ ನೋಡುತ್ತಾ ಕೂತಿದ್ದರು. ಸುಸ್ತಾಗಿದೆ ಅಂದುಕೊಂಡೆ ನಾನು, ಕತ್ತೆ.

ಡಾಕ್ಟರಮ್ಮ ಒಂದು ಸುತ್ತು ಹೋಗಿ ಬಂದು ಮಾವನ ಎದುರು ಕೈ ಮುಗಿದರು. “ನಿಮ್ಮ ಕೈಗುಣ ಹಾಗೇ ಇದೆ” ಅಂದರು. ಮಾವ ನನ್ನ ಕಡೆ ಗದ್ದ ತೋರಿಸಿ, “ನನ್ ಕೈಯಲ್ಲ ಡಾಕ್ಟ್ರಮ್ಮ. ಇವನ್ದು” ಅಂದರು. ದೊಡ್ಡತನ ಅಂದುಕೊಂಡೆ. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡ್ ಕಡೆ ತಿರುಗದೆ, “ನಾ ಅಕ್ಕನ್ ಮನೇಲಿರ್ತೀನಿ. ನೀನೋಗು” ಅಂದರು. ಅಕ್ಕ ಅಂದರೆ ನನ್ನ ತಾಯಿ, ನರಸೀಪುರದಲ್ಲೇ ನನ್ನ ಅಣ್ಣನ ಜೊತೆ ಇರೋದು. ಎರಡು ದಿನ ಇದ್ದು ಬರಲಿ ಅಂದುಕೊಂಡೆ.

ಬರಲೇ ಇಲ್ಲ. ಫೋನ್ ಮಾಡಿದರೆ ಚೆನ್ನಾಗಿದೀನಿ ಅನ್ನೋರು. ಹೆಂಡತಿ ಹೋಗಿ ಕರೆದಳು, ಅತ್ತಳು, ಒಬ್ಬಳೇ ವಾಪಸ್ ಬಂದಳು. “ನೀವೇನಂದ್ರಿ ಅಪ್ಪಂಗೆ? ಏನೋ ಅಂದಿದೀರ” ಅಂತ ನನ್ನ ಹಿಡಿದು ಕೇಳಿದಳು. “ನಿನ್ನಾಣೆ, ಏನೂ ಅಂದಿಲ್ಲ ಕಣೇ” ಅಂದೆ. ನಿಜವೇ, ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಮಾವನ ಉದ್ದ ಹಿಡಿಯ ಪಾನಾ ಗ್ಯಾರೇಜಿನ ಮೊಳೆಗೆ ನೇತುಬಿದ್ದಿತ್ತು, ನಾನು ಮುಟ್ಟಲಿಲ್ಲ.

ಏಳೆಂಟು ತಿಂಗಳಾದ ಮೇಲೆ, ಅವರಿಗೆ ನಡೆಯೋದೂ ಕಷ್ಟ ಆಗಿದೆ ಅಂತ ಕೇಳಿ ಹೋದೆ. ಮಾವ ಜಗಲಿ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನಮ್ಮವ್ವ ಎಲೆ ತಟ್ಟೆ ಇಟ್ಟುಕೊಂಡು, ಎಲೆಗೆ ಸುಣ್ಣ ಸವರಿ, ಮಡಿಸಿ, ತಮ್ಮನ ಬಾಯಿಗೆ ಇಡುತ್ತಿದ್ದಳು. ಅವರ ಕೈಯಲ್ಲಿ ಸುಣ್ಣ ನಿಲ್ಲುತ್ತಿರಲಿಲ್ಲ, ಪಂಚೆ ತುಂಬಾ ಚೆಲ್ಲೋದಂತೆ.

ಅವ್ವ ಟೀ ಕಾಯಿಸೋಕೆ ಒಳಗೆ ಹೋದಳು. ಏನಾದರೂ ಒಳ್ಳೇದು ಹೇಳಬೇಕು ಅಂತ, “ಮಾವ, ಡಾಕ್ಟರಮ್ಮನ ಕಾರು ಇವತ್ತಿನ್ ತಂಕ ಒಂದ್ ತೊಟ್ಟು ಸೋರಿಲ್ಲ. ನೀವು ಗೆದ್ರಿ. ಬನ್ನಿ ಮನೆಗೆ” ಅಂದೆ.

ಮಾವ ಎಲೆ ಅಗಿಯೋದನ್ನ ನಿಲ್ಲಿಸಿದರು. “ನಾ ಒಂಬತ್ತಕ್ಕೇ ಸುಣ್ಣ ಇಟ್ಟಿದ್ದೆ ಕಣ್ಲಾ” ಅಂದರು. ಮಾತು ನಿಧಾನವಾಗಿಬಿಟ್ಟಿತ್ತು. “ಮೂಲೇದ್ಕೆ ಕೈ ಬರ್ನಿಲ್ಲ. ಬಲ ಸಾಲ್ದೆ ಓಯ್ತು. ನಿಂಗೆ ಬುಟ್ಟಿದ್ದೆ. ಇಟ್ಕೊ ಅಂತ ಡಬ್ಬೀನೂ ಅಲ್ಲೇ ಇಟ್ಟಿದ್ದೆ.”

ಸುಣ್ಣ ಇಲ್ಲದ ಬೋಲ್ಟು ಬಾಕಿ ಕೆಲಸ. ಮೂವತ್ತು ವರ್ಷ ಅದೇ ಕಟ್ಟಳೆಯಲ್ಲಿ ಬದುಕಿ, ಅದೊಂದು ದಿನ ಮರೆತಿದ್ದವನು ನಾನು. ಅವರು ಮರೆತಿರಲಿಲ್ಲ, ಡಬ್ಬಿಯನ್ನೂ ಮರೆತಿರಲಿಲ್ಲ. ಬಾಯಿಬಿಟ್ಟು ಕೇಳೋಕೆ ಆಗದೆ, ಇದೊಂದು ನನ್ನ ಕೈಲಾಗಲಿಲ್ಲ, ನೀನು ಮಾಡು ಅಂತ ನನ್ನನ್ನ ಕೇಳಿದ್ದರು. ಆ ಟೆಂಪೋದವನ ಎದುರು ನಾನು ಅಷ್ಟು ಅಂದ ಮೇಲೂ ಕೇಳಿದ್ದರು.

“ಬಂದು ನೋಡ್ತೀನಿ, ಎಲ್ಲಾ ಒಂದೇ ತರ ಅವೆ. ಗುಂಡುಗುಂಡ್ಗೆ. ನಂದು ಒಂದೂ ಇಲ್ಲ” ಅಂದರು ಮಾವ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇಷ್ಟು ದಿನ ಹಿಡಿದಿಟ್ಟಿದ್ದನ್ನ ಕೇಳಿದರು. “ಏಳ್ಲಾ, ಒಂಬತ್ರಲ್ಲಿ ಎಷ್ಟ್ ಸಡ್ಲ ಇದ್ವು?”

“ಒಂಬತ್ತೂ ಸರಿಯಾಗಿದ್ವು ಮಾವ! ಅಪ್ಪನಾಣೆ, ಒಂದೂ ಕದಲಲಿಲ್ಲ. ಕೂದಲೆಳೆ ಕದಲಲಿಲ್ಲ” ಅಂದೆ. ಅವರ ಕೈ ಹಿಡಿದುಕೊಂಡೆ, ನನ್ನ ಕೈಯೊಳಗೆ ಅದು ಅದುರುತ್ತಲೇ ಇತ್ತು.

“ಸರಿಯಾಗಿದ್ರೆ ಯಾಕ್ಲಾ ಅಳಿಸ್ದೆ?”

ನನ್ನ ಸ್ಪ್ಯಾನರ್ ತಿಕ್ಕಿ ಅಳಿಸಿತು, ನೀವು ನೊಂದುಕೊಳ್ಳಬಾರದು ಅಂತ ಒರೆಸಿ ಮತ್ತೆ ಇಟ್ಟೆ, ಅಂದೆ. ಹೇಳ್ತಾ ಹೇಳ್ತಾ ನನಗೇ ಅದು ಸುಳ್ಳಿನ ಥರ ಕೇಳಿಸಿತು. ಮಾವ ನನ್ನ ಕೈ ಮೇಲೆ ಇನ್ನೊಂದು ಕೈ ಇಟ್ಟು ತಟ್ಟಿದರು. “ಆಯ್ತು ಬುಡು. ನನ್ ಮಗಳು ಇಂಗ್ ಏಳು ಅಂತ ಕಳ್ಸವ್ಳೆ. ಗೊತ್ತಾಯ್ತದೆ. ಟೀ ಕುಡ್ಕಂಡು ಓಗು” ಅಂದರು. ನಾನು ಅತ್ತುಬಿಟ್ಟೆ, ಆಣೆ ಮೇಲೆ ಆಣೆ ಇಟ್ಟೆ. ಮಗುವನ್ನ ಸಮಾಧಾನ ಮಾಡೋ ಹಾಗೆ ಹೂಂ ಹೂಂ ಅಂದರು. ನಂಬಲಿಲ್ಲ.

ಅದಾಗಿ ಎರಡು ತಿಂಗಳಿಗೆ ಹೋಗಿಬಿಟ್ಟರು. ಕೊನೆಗೆ ಮಾತು ನಿಂತಿತ್ತು. ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಸಲ ಹೇಳಿದೆ, ಒಂಬತ್ತೂ ಸರಿಯಾಗಿದ್ವು ಮಾವ ಅಂತ. ಕೇಳಿಸಿತೋ ಇಲ್ಲವೋ. ಹೊಳೆಯಲ್ಲಿ ಬೂದಿ ಬಿಟ್ಟು ಬಂದೆವು. ಸುಣ್ಣದ ಡಬ್ಬಿಯನ್ನ ಅವ್ವ ನನ್ನ ಹೆಂಡತಿಗೆ ಕೊಟ್ಟಳು. ನನಗೆ ಕೇಳೋ ಮುಖ ಇರಲಿಲ್ಲ.

ಹೋದ ತಿಂಗಳು ಡಾಕ್ಟರಮ್ಮ ಆ ಕಾರನ್ನ ಸರ್ವೀಸಿಗೆ ಬಿಟ್ಟು ಹೋದರು. ಈಗಲೂ ಒಂದು ತೊಟ್ಟು ಸೋರಿಲ್ಲ. ವಾಲ್ವ್ ನೋಡೋಕೆ ಮೇಲಿನ ಮುಚ್ಚಳ ಬಿಚ್ಚಿದೆ. ಹತ್ತೂ ಬೋಲ್ಟಿನ ಮೇಲೆ ಸುಣ್ಣ, ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿ, ಹಾಗೇ ಇತ್ತು. ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ತಂದಳು. ಅವಳಿಗೆ ಈ ಸುಣ್ಣದ ಕಥೆ ನಾನು ಇವತ್ತಿನವರೆಗೂ ಹೇಳಿಲ್ಲ, ಹೇಳೋ ಧೈರ್ಯ ಬಂದಿಲ್ಲ. ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ಸುಣ್ಣ ಕಂಡಿತು. ಅವಳ ಮುಖ ಬೆಳಗಿತು, ಎಷ್ಟೋ ದಿನದ ಮೇಲೆ.

“ಅಪ್ಪನ ಸುಣ್ಣ ಅಲ್ವಾ? ಇದರಲ್ಲಿ ಅಪ್ಪ ಇಟ್ಟಿದ್ದು ಯಾವುದು?”

ಒಂದೂ ಇಲ್ಲ ಕಣೇ, ಎಲ್ಲಾನೂ ನಾನೇ ಒರೆಸಿಬಿಟ್ಟೆ ಅನ್ನೋಕೆ ಬಾಯಿ ತೆರೆದೆ. ಆಗಲಿಲ್ಲ. ನಡುವಿನ ಒಂದು ಬೋಲ್ಟನ್ನ ತೋರಿಸಿ, “ಇದು” ಅಂದೆ.

ಅವಳು ಸೆರಗಲ್ಲಿ ಕೈ ಒರೆಸಿಕೊಂಡು, ಬೆರಳ ತುದಿಯಲ್ಲಿ ಅದನ್ನ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು. ಅದು ನಾನಿಟ್ಟ ಸುಣ್ಣ.